ನೆಂಟರಿಗೆಂದು ಹೆಚ್ಚು ಸುರಿದ ಪುಡಿ

ಇವನೊಬ್ಬ ದರ್ಜಿ ನೋಡಿ, ಅಳತೆಪಟ್ಟಿ ಕೊರಳಲ್ಲಿ ಇರುತ್ತಿದ್ದದ್ದು ಬರೀ ಶೃಂಗಾರಕ್ಕೆ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲ ನೋಟದಲ್ಲೇ ಅಳೆದು ಮುಗಿಸಿರುತ್ತಿದ್ದ. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಕಣ್ಣಳತೆ ಎಂದು. ಬೇಕಾದವರ ಬಟ್ಟೆಯಾದರೆ ಹೊಲಿಗೆಯ ಒಳಗೆ ಒಂದು ಬೆರಳು ಹೆಚ್ಚು ಬಿಡುತ್ತಿದ್ದ, ನಾಳೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ. ಪ್ರೀತಿ ಅವನ ಕೈಯಲ್ಲಿ ಹಾಗೇ ಬರುತ್ತಿತ್ತು, ಒಂದಿಷ್ಟು ಹೆಚ್ಚಾಗಿ.

ಮಗಳು ಎಸ್ಪ್ರೆಸೊ ಯಂತ್ರ ತಂದುಕೊಟ್ಟ ಮೇಲೆ ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಹೆಂಡತಿ ಬೀಜ ಬೀಸಿ ಕೊಡಬೇಕು. ಪುಡಿಯನ್ನು ಹಿಡಿಕೆಯ ಬಟ್ಟಲಿಗೆ ಸುರಿದು, ಒತ್ತಿ, ಕಾಫಿ ಇಳಿಸುವುದು ಇವನು. ಇಬ್ಬರೇ ಇದ್ದಾಗ ಜೇನಿನ ಹಾಗೆ ಇಳಿಯುತ್ತಿತ್ತು. ನೆಂಟರು ಬಂದರೆ ಮಾತ್ರ ಯಂತ್ರ ತಿಣುಕಿ ತಿಣುಕಿ ತೊಟ್ಟು ತೊಟ್ಟು ಕಹಿ ಇಳಿಸುತ್ತಿತ್ತು. ಜನ ಕಂಡರೆ ಅವಳಿಗೆ ಗಾಬರಿ, ಬೀಜವನ್ನು ಹಿಟ್ಟು ಮಾಡಿಬಿಡುತ್ತಾಳೆ ಎಂದು ಇವನೇ ತೀರ್ಪು ಕೊಟ್ಟ. ಕೊಟ್ಟು ಸುಮ್ಮನಿದ್ದನೇ? ಒಂದು ದಿನ ಅವಳ ಅಣ್ಣನ ಎದುರಿಗೇ, "ನಿಮ್ಮ ತಂಗಿಗೆ ಇನ್ನೂ ಹದ ಗೊತ್ತಾಗ್ಲಿಲ್ಲ ಭಾವ, ನಿಮ್ಮ ಮನೇಲಿ ಅದೇನು ಕಲಿಸಿದ್ರೋ" ಅಂದ. ಅಣ್ಣ ನಕ್ಕ. ಅವಳು ನಗಲಿಲ್ಲ. ಅಂದಿನಿಂದ ಯಾರೇ ಬರಲಿ, ಬೀಜ ಬೀಸಿಟ್ಟು ಒಳಗೇ ಉಳಿದುಬಿಡುತ್ತಿದ್ದಳು.

ಅಮ್ಮನ ಮೌನ ನೋಡಲಾರದೆ ಮಗಳು ಗ್ರಾಂ ತೋರಿಸುವ ಪುಟ್ಟ ತಕ್ಕಡಿಯೊಂದನ್ನು ತಂದಳು. ಬಟ್ಟಲನ್ನು ಅದರ ಮೇಲಿಟ್ಟು, ಅಂಕಿಗೆ ಕೈ ಮರೆ ಮಾಡಿ, ದಿನಾ ಇಬ್ಬರಿಗೆ ಹಾಕುವ ಹಾಗೆ ಪುಡಿ ಹಾಕು ಎಂದು ಅಪ್ಪನಿಗೆ ಅಂದಳು. ಹದಿನೆಂಟು. ಇನ್ನೊಮ್ಮೆ ಹಾಕಿಸಿದಳು. ಮತ್ತೆ ಹದಿನೆಂಟು. ಕಣ್ಣಳತೆ ಮೀಸೆ ತಿರುವಿದ.

"ಈಗ ಮಾವ ಬಂದಿದಾರೆ ಅಂದ್ಕೊಂಡು ಹಾಕಪ್ಪ."

ಇಪ್ಪತ್ತೊಂದು. ಮೂರು ಗ್ರಾಂ ಮರ್ಯಾದೆ ಹೆಚ್ಚಿಗೆ ಬಿದ್ದಿತ್ತು. ಬಟ್ಟಲು ಅಷ್ಟು ಕಿಕ್ಕಿರಿದರೆ ನೀರು ಇಳಿಯುವುದಾದರೂ ಹೇಗೆ? ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಂಕಿ ನೋಡಿ ಒಳಗೆ ಹೋದಳು. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಭಾನುವಾರ ಭಾವ ಬಂದ. ದರ್ಜಿ ಪುಡಿಯನ್ನು ತೂಗಿಯೇ ಹಾಕಿದ. ಕಾಫಿ ಸೊಗಸಾಗಿ ಇಳಿಯಿತು. ಭಾವ ಒಂದು ಗುಟುಕು ಕುಡಿದು, "ಅಂತೂ ನಮ್ಮ ತಂಗಿ ಹದ ಕಲಿತಳಪ್ಪ" ಅಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ದರ್ಜಿಯ ಬಾಯಿಂದ ಹೊರಟದ್ದು ಬರೀ "ಹೂಂ." ಪಾತ್ರೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ಆ ಮೆಲುಸದ್ದು ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಾಯಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. ಎರಡೂ ಕಡೆಗೆ ಕೇಳಲಿ ಎಂದು ಅಲ್ಲೇ ನಿಂತ.

"ಹದ ಇವಳ್ದು ಮೊದಲಿಂದ್ಲೂ ಸರಿಯಾಗೇ ಇತ್ತು ಭಾವ. ಹೆಚ್ಚು ಸುರಿದು ಕೆಡಿಸ್ತಾ ಇದ್ದೋನು ನಾನು. ಅನ್ನಿಸ್ಕೊಂಡೋಳು ಇವಳು."

ಭಾವ ಕಪ್ಪಿನೊಳಗೆ ಏನನ್ನೋ ಹುಡುಕತೊಡಗಿದ. ಹೆಂಡತಿ ತಿರುಗಲಿಲ್ಲ. ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ನೀರಿನ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ ರೀ. ಇನ್ನೊಂದ್ಸಲ ಹೇಳಿ."

ತಲೆ ತಗ್ಗಿಸಿಕೊಂಡೇ ಇನ್ನೊಂದು ಸಲ ಹೇಳಿದ.