ಹಿನ್ನೀರಿನ ಕಲ್ಲುಹಲ್ಲು

ನಮ್ಮಪ್ಪ ಸಣ್ಣಬೀರಯ್ಯನಿಗೆ ಸರಗೂರಿನಾಚೆ, ಹಿನ್ನೀರಿನ ದಡದಲ್ಲಿ ಒಂದಿಷ್ಟು ರಾಗಿ ಹೊಲ, ಒಂದು ಹರಿಗೋಲು. ಹೊಲದಲ್ಲಿ ಕೆಲಸವಿಲ್ಲದಾಗ ಆಸಾಮಿ ನೀರಿನಲ್ಲೇ ಇರುತ್ತಾನೆ. ನೀರುನಾಯಿ ಮರಿ ಹಾಕಿದ್ದೆಲ್ಲಿ, ಹಾವಕ್ಕಿ ರೆಕ್ಕೆ ಒಣಗಿಸುವುದು ಯಾವ ಬೊಡ್ಡೆಯ ಮೇಲೆ, ನೀರಿಳಿದಾಗ ಎಂತೆಂಥ ಕಲ್ಲು ಮೇಲೇಳುತ್ತವೆ, ಎಲ್ಲ ನನಗೆ ತೋರಿಸಿಕೊಟ್ಟವನು ಅವನೇ. ಆ ಹುಚ್ಚು ಹತ್ತಿಯೇ ನಾನು ಮೈಸೂರಿನಲ್ಲಿ ಭೂವಿಜ್ಞಾನ ಓದಲು ಸೇರಿದ್ದು. ಆ ಋಣ ತೀರಿಸುವಂಥದ್ದಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ ಜೊಂಡಿನ ಹತ್ತಿರ ಮುಳುಗಿ, ಕೆಸರಿನಿಂದ ಒಂದು ಹಲ್ಲು ಎತ್ತಿ ತಂದ. ಆನೆಯ ದವಡೆ ಹಲ್ಲು, ಪೂರ್ತಿ ಕಲ್ಲಾಗಿತ್ತು. ಫೋಟೋ ಕಳಿಸಿದ್ದಕ್ಕೆ ನಮ್ಮ ಮೇಷ್ಟ್ರು ರೇಣುಕಾಪ್ರಸಾದ್, “ಸೋಮವಾರವೇ ತಗೊಂಡು ಬಾ” ಎಂದರು. ಕುಣಿದಾಡಿಬಿಟ್ಟೆ. ಭಾನುವಾರ ಎದ್ದು ನೋಡಿದರೆ ಹಲ್ಲೇ ಇಲ್ಲ!

“ಸತ್ತ ಜೀವದ ಮೂಳೆ ಮನೇಲಿಟ್ಕೊಂಡಾರಾ?” ಅಂದಳು ಅವ್ವ ಯಶೋದಮ್ಮ. “ಯಾವ ಆನೆಯೋ ಏನೋ, ಪಾಪ. ಆಲುತುಪ್ಪ ಎರ್ದು ನೀರಿಗೆ ಬುಟ್ಟು ಬಂದೆ ಕಣವ್ವ.”

ಸತ್ತವರಿಗೆ ಮಾಡುವ ಶಾಸ್ತ್ರವನ್ನು ಕಲ್ಲಿಗೆ ಮಾಡಿ ಬಂದಿದ್ದಳು ಮಹರಾಯ್ತಿ! ನಾನು ಗೊಳೋ ಎಂದು ಅತ್ತೆ. ಅಪ್ಪ ಸೊಂಟಕ್ಕೆ ಟವಲ್ ಬಿಗಿದ.

“ಅಳಬ್ಯಾಡ ಸುಮ್ಕಿರು. ತಂದ್ಕೊಡ್ತೀನಿ ನಡಿ.”

ಅವ್ವ ದಡದಲ್ಲಿ ನಿಂತು ಜಾಗ ತೋರಿಸಿದಳು. ಅಪ್ಪನೂ ನಾನೂ ಹರಿಗೋಲಲ್ಲಿ ಹೋದೆವು. ಆಚೆ ಕೆಸರು ದಿಬ್ಬದ ಮೇಲೆ ಮೊಸಳೆಯೊಂದು ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು.

“ಅದರ ಮ್ಯಾಲೇ ಕಣ್ಣಿಟ್ಟಿರು ಮಗಾ. ನೀರಿಗಿಳೀತು ಅಂದ್ರೆ ಹುಟ್ಟಲ್ಲಿ ಅರಿಗೋಲು ಬಡಿ, ನಂಗೆ ಕೇಳುಸ್ತದೆ” ಎಂದು ಅಪ್ಪ ಮುಳುಗಿದ. ಎದ್ದು ಉಸಿರೆಳೆದುಕೊಂಡು ಮತ್ತೆ ಮುಳುಗಿದ.

ಮೊಸಳೆ ಸದ್ದಿಲ್ಲದೆ ನೀರಿಗೆ ಜಾರಿತು.

ಬಡಿದೆ. ಕೈ ಬೊಬ್ಬೆ ಬರುವ ಹಾಗೆ ಬಡಿದೆ. ಅಪ್ಪ ಏಳಲಿಲ್ಲ. ಅವ್ವ “ಬನ್ರೀ, ಮ್ಯಾಕೆ ಬನ್ರೀ!” ಎಂದು ಬಾಯಿ ಬಡಿದುಕೊಳ್ಳುತ್ತಾ ಮೊಣಕಾಲುದ್ದ ಕೆಸರಿಗೆ ಇಳಿದೇಬಿಟ್ಟಳು. ನನಗೆ ಹಲ್ಲೂ ಬೇಡ, ಓದೂ ಬೇಡ ಅನ್ನಿಸಿಹೋಯಿತು.

ಹರಿಗೋಲಿನ ಪಕ್ಕದಲ್ಲೇ ಅಪ್ಪನ ತಲೆ ಎದ್ದಿತು. “ಸಿಕ್ತು! ಇಡ್ಕೊ ಮಗಾ!” ಎಂದು ಹಲ್ಲು ಚಾಚಿದ. ನಾನು ಹಲ್ಲು ಹಿಡಿಯಲಿಲ್ಲ. ಎರಡೂ ಕೈಯಲ್ಲಿ ಅವನ ರಟ್ಟೆ ಹಿಡಿದು ಒಳಕ್ಕೆ ಎಳೆದೆ. ಹಲ್ಲು ಜಾರಿ ನೀರಿಗೆ ಬಿತ್ತು.

“ಅಯ್ಯಯ್ಯೋ, ಓಯ್ತಲ್ಲೇ! ನಾಳೆ ಮೇಷ್ಟ್ರಿಗೆ ಏನ್ ಯೋಳ್ತೀಯೆ?”

“ನಮ್ಮಪ್ಪ ಮನೆಗೆ ಬಂದ್ರು ಅಂತ ಯೋಳ್ತೀನಿ ಬುಡು.”

ದಡದಲ್ಲಿ ಅವ್ವ ಸೆರಗಿನಿಂದ ಅವನ ತಲೆ ಒರೆಸುತ್ತಾ ಬೈದದ್ದೇ ಬೈದದ್ದು. ಮೊಸಳೆ ಎತ್ತ ಹೋಯಿತೋ ಕಾಣೆ. ನಮ್ಮ ಕಡೆ ಬರಲಿಲ್ಲವಲ್ಲ, ಅದಕ್ಕೂ ಕೈಮುಗಿದೆ.