ಅವ್ವ ಕೇಳಿದ ಇಂಗ್ಲಿಷ್ ಹಾಡುಗಳು

ಆ ದಿನ ತೊಗರಿ ಕೊಯ್ದ ಹೊಲದಲ್ಲಿ ಒಣಗಿದ ಎಲೆಯ ವಾಸನೆಯಿತ್ತು. ಮೋರಖಂಡಿಯ ದಾರಿಗೆ ಹತ್ತಿದ ಬದುವಿನ ಮೇಲೆ ನಾನು, ಅವ್ವ ಕುಳಿತಿದ್ದೆವು. ಆಡುಗಳು ಕೆಳಗೆ ಮೇಯುತ್ತಿದ್ದವು. ಅವ್ವನ ಸೆರಗಿನ ಗಂಟಿನೊಳಗಿಂದ ಮೊಬೈಲು ಇಂಗ್ಲಿಷ್ ಹಾಡು ಹಾಡುತ್ತಿತ್ತು. ಬಸವಕಲ್ಯಾಣದ ಅಂಗಡಿಯಲ್ಲಿ ನಾನು ಭಜನೆ ಪದ ತುಂಬಿಕೊಡಲು ಹೇಳಿದ್ದೆ; ಅಂಗಡಿಯವನು ಬೇರೆ ಯಾರದೋ ಮೆಮೊರಿ ಕಾರ್ಡು ಹಾಕಿಕೊಟ್ಟಿದ್ದ. ಬದಲಿಸಿ ತರುತ್ತೇನೆಂದರೆ ಅವ್ವ ಬಿಡಲಿಲ್ಲ. “ಇರ್ಲಿ ಬಿಡು. ಭಜನಿ ನನಗ ಬರ್ತಾವ. ಇವೇನ ಹೇಳ್ತಾವ ಕೇಳೂನು.”

ಅಂದಿನಿಂದ ಒಂದೊಂದು ಹಾಡಿಗೂ ಅವಳದೊಂದು ಮಾತು. ನಿಮ್ಮ ಮನೆಯಲ್ಲೂ ಹೀಗೆ ಹಾಡನ್ನು ತೂಗುವವರು ಒಬ್ಬರಿದ್ದಿರಬಹುದು. ಗಿಟಾರು ಕಿರುಚಿ, ಗಂಡಸೊಬ್ಬ ಗಂಟಲು ಹರಿದುಕೊಂಡರೆ, “ಇವನ ಎತ್ತು ಯಾರದೋ ಹೊಲ ಹೊಕ್ಕಾವ, ಅದಕ್ಕ ಒದರಾಕತ್ತಾನ.” ಕುಣಿಸುವ ಹಗುರ ಹಾಡು ಬಂದರೆ, “ಚುರುಮುರಿ ಇದ್ದಾಂಗ ಅದ. ಬಾಯಿಗೆ ಛಲೋ, ಹೊಟ್ಟಿಗಿಲ್ಲ” ಎನ್ನುತ್ತಲೇ ಕಾಲು ಕುಣಿಸುತ್ತಿದ್ದಳು.

“ಮತ್ತ ಕಾಲ್ಯಾಕ ಕುಣಸ್ತಿ ಯವ್ವಾ?”

“ಕಾಲಿಗೆಲ್ಲಿ ಹೊಟ್ಟಿ ಅದ?”

ಬದುವಿನ ಮೇಲೆ ಕುಳಿತ ಆ ದಿನ ಹೆಂಗಸೊಬ್ಬಳ ತುಂಬು ದನಿಯ ನಿಧಾನದ ಹಾಡೊಂದು ಬಂತು. ಅವ್ವ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೇಳಿದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕುಳಿತು ಅವರ ಬಾಳನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಆ ಹಾಡಿನ ಮೊದಲ ಸಾಲು ಎತ್ತಿಕೊಡಲು ಸುತ್ತಲಿನವರು ಅವ್ವನನ್ನೇ ಕರೆಯುತ್ತಿದ್ದರು. “ಇಕಿ ನಮ್ಮಾಕಿ” ಎಂದಳು. “ದುಃಖ ಬಂದಲ್ಲಿ ದನಿ ಏರಸಾಕತ್ತಿಲ್ಲ, ಇಳಸಾಕತ್ತಾಳ ನೋಡು. ಹಾಂಗ ಅಳಬೇಕು.” ನನಗೂ ಕಲಿಸು ಎಂದೆ. “ಹುಚ್ಚಿ, ಮನ್ಯಾಗ ಎಲ್ಲಾರೂ ಛಲೋ ಇದ್ದಾಗ ಅದನ್ನ ಕಲಸಬಾರದು” ಎಂದು ಬೈದು, ಆಡುಗಳನ್ನು ತಿರುವಲು ಎದ್ದಳು.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಸಿದಳು. ಹುಮನಾಬಾದಿನ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಉಸಿರು ನಿಂತಿತು. ಮನೆಗೆ ತಂದಾಗ ಹೆಂಗಸರೆಲ್ಲ ಸುತ್ತ ಕುಳಿತರು, ಯಾರೂ ಹಾಡು ಎತ್ತಲಿಲ್ಲ. ಎತ್ತಿಕೊಡುವವಳೇ ನಡುವೆ ಮಲಗಿದ್ದಳು. ಚಿಗವ್ವ ನನ್ನ ಬೆನ್ನು ಸವರಿ, “ನೀ ಮಗಳಿದ್ದಿ, ಹಾಡ್ಕೊಂಡು ಅಳವ್ವ” ಎಂದಳು. ಬಾಯಿ ತೆರೆದೆ. ಅಳು ಬಂತು, ಪದ ಬರಲಿಲ್ಲ.

ಈಗ ಆಡು ಹೊಡೆದುಕೊಂಡು ನಾನೊಬ್ಬಳೇ ಹೋಗುತ್ತೇನೆ. ಮೊಬೈಲಿನ ಆ ಹೆಂಗಸಿನ ದನಿ ಎಲ್ಲಿ ಇಳಿಯುತ್ತದೆಂಬುದು ಕೇಳಿ ಕೇಳಿ ತಿಳಿದಿದೆ. ಆದರೆ ನಮ್ಮ ಅವ್ವನನ್ನು ಹಾಡಿಕೊಂಡು ಅತ್ತವರು ಇನ್ನೂ ಯಾರೂ ಇಲ್ಲ.