ಕಾರಿನ ಮೇಲೆ ಅಪ್ಪ ಎಳೆದ ಗೆರೆ

ಆ ಶುಕ್ರವಾರ ಕಂಡದ್ದನ್ನು ಮೊದಲು ಕ್ರಮವಾಗಿ ಬರೆದುಬಿಡುತ್ತೇನೆ.

ಗಂಜಾಮಿನ ನಮ್ಮ ಬೀದಿಯ ಕೊನೆಯಲ್ಲಿ ಅಮ್ಮನವರ ಒಂದು ಸಣ್ಣ ಗುಡಿ ಇದೆ. ಪೂಜೆ ನಮ್ಮ ಮನೆತನದ್ದು. ವರ್ಷದಲ್ಲಿ ಆರು ತಿಂಗಳು ಅಪ್ಪನ ಸರದಿ, ಇನ್ನಾರು ತಿಂಗಳು ಕೆ.ಆರ್. ಪೇಟೆಯಲ್ಲಿರುವ ಚಿಕ್ಕಪ್ಪನದು. ಅಂದು ಬೆಳಗಿನ ಮಂಗಳಾರತಿಗೆ ಹತ್ತು ಹನ್ನೆರಡು ಜನ ಸೇರಿದ್ದರು. ಗಂಟೆ ಶುರುವಾಯಿತು, ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರು. ನನಗೆ ಆ ಹೊತ್ತಿನಲ್ಲಿ ಕಣ್ಣು ಮುಚ್ಚುವ ಅಭ್ಯಾಸವಿಲ್ಲ. ಶುಕ್ರವಾರದ ಗಂಧದ ಅಲಂಕಾರದಲ್ಲಿ ಅಪ್ಪ ಎಳೆಯುವ ಹುಬ್ಬಿನ ಗೆರೆ ಆರತಿಯ ಬೆಳಕಿಗೆ ಹೇಗೆ ಕಾಣುತ್ತದೆಂದು ಚಿಕ್ಕಂದಿನಿಂದಲೂ ನೋಡಿಕೊಂಡು ಬಂದವಳು ನಾನು.

ತಟ್ಟೆ ಎರಡು ಸುತ್ತು ಸರಿಯಾಗಿಯೇ ಬಂತು. ಮೂರನೆಯದರಲ್ಲಿ ಅಪ್ಪನ ಬಲಗೈ ಮಣಿಕಟ್ಟಿನಿಂದ ಕೆಳಗೆ ನಡುಗಿತು. ಉರಿಯುತ್ತಿದ್ದ ಕರ್ಪೂರ ಜಾರಿ ಅಮ್ಮನವರ ಸೀರೆಯ ನೆರಿಗೆಯ ಮೇಲೆ ಬಿತ್ತು. ಬೆರಳುದ್ದದ ಉರಿಯೊಂದು ಎದ್ದಿತು. ಅಪ್ಪ ಎಡಗೈಯ ಗಂಟೆಯನ್ನು ಬಿಟ್ಟು ಬರಿಯ ಅಂಗೈಯಿಂದ ಅದನ್ನು ಒತ್ತಿ ಆರಿಸಿದರು. ಮೂರು ಸೆಕೆಂಡು ಇರಬಹುದು, ನಾಲ್ಕಲ್ಲ. ಹೊರಗಿನ ತೂಗುಗಂಟೆಯನ್ನು ಯಾರೋ ಬಾರಿಸುತ್ತಲೇ ಇದ್ದುದರಿಂದ ಸದ್ದು ನಿಲ್ಲಲಿಲ್ಲ. ಜನ ಕಣ್ಣು ತೆರೆದಾಗ ಅಪ್ಪ ನೆರಿಗೆಯನ್ನು ಮಡಿಸಿ, ಸುಟ್ಟ ಜಾಗವನ್ನು ಒಳಗೆ ಮಾಡಿ, ಮೇಲೊಂದು ಹೂವಿನ ಎಸಳು ಇಟ್ಟಾಗಿತ್ತು. ತಿರುಗಿದಾಗ ಅವರು ನನ್ನನ್ನು ನೋಡಿದರು. ನಾನು ನೋಡಿದ್ದೇನೆಂದು ಅವರಿಗೆ ಗೊತ್ತಾಯಿತು. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು.

ಮನೆಯಲ್ಲಿ ಆ ಮಾತು ಬರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಇರುವುದು ನಾವಿಬ್ಬರೇ. ಒಬ್ಬರು ಮಾತು ತೆಗೆಯದಿದ್ದರೆ ಆ ಮಾತು ಇಲ್ಲ. ನವರಾತ್ರಿಗೆ ಇನ್ನು ಐದು ವಾರ. ಒಂಬತ್ತು ದಿನ ಆ ಇಕ್ಕಟ್ಟಿನ ಗರ್ಭಗುಡಿಯ ತುಂಬ ದೀಪ, ಬಾಗಿಲ ತನಕ ರೇಷ್ಮೆ ಸೀರೆಯುಟ್ಟ ಹೆಂಗಸರು. ನಾನು ಹೇಳಿದರೆ ಅಪ್ಪನ ಸರದಿ ಅಲ್ಲಿಗೆ ಮುಗಿಯುತ್ತದೆ. ಹೇಳದಿದ್ದರೆ ಏನಾಗುತ್ತದೆ ಎನ್ನುವುದನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತಲೇ ಕಾಣುತ್ತಿದ್ದೆ. ಪಾಂಡವಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ದಹನದ ಪಾಠವನ್ನು ಆ ತಿಂಗಳು ಮುಂದಕ್ಕೆ ಹಾಕಿದೆ. ಬೆಳಿಗ್ಗೆ ಬಸ್ಸಿಗೆ ಹೊರಟವಳು ಗ್ಯಾಸ್ ಆರಿಸಿದ್ದೇನೆಯೇ ಎಂದು ಬೀದಿಯ ತಿರುವಿನಿಂದ ಎರಡು ಸಲ ವಾಪಸಾಗುತ್ತಿದ್ದೆ.

ಚಿಕ್ಕಪ್ಪ ಫೋನು ಮಾಡಿದರು. “ಏನೇ ಪುಟ್ಟಿ, ಅಣ್ಣನ ಕೈ ಹೇಗಿದೆ? ಹೋದ ಸಲ ಊಟಕ್ಕೆ ಕೂತಾಗ ಸಾರಿನ ಲೋಟ ಅಲ್ಲಾಡ್ತಿತ್ತು.”

“ಚೆನ್ನಾಗಿದೆ ಚಿಕ್ಕಪ್ಪ,” ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಆದರೆ ಹೇಳಿದ್ದು ನಾನೇ.

ನನ್ನ ಕೈ ಸುಮ್ಮನಿರಲಿಲ್ಲವೆಂದು ಬೀರುವಿನ ಮೇಲಿಟ್ಟಿದ್ದ ಪೆಟ್ಟಿಗೆಯನ್ನು ಇಳಿಸಿದೆ. ನಾನು ಬಿಡುವಿನಲ್ಲಿ ಪ್ಲಾಸ್ಟಿಕ್ಕಿನ ಮಾದರಿ ಕಾರುಗಳನ್ನು ಕಟ್ಟುತ್ತೇನೆ. ಇದು ಏಳನೆಯದು, ಹಾಟ್ ರಾಡ್. ಹಾಟ್ ರಾಡ್ ಎಂದರೆ ಹಳೆಯ ಕಾಲದ ಕಾರೊಂದನ್ನು ಬಿಚ್ಚಿ, ಮೈ ತಗ್ಗಿಸಿ, ತಲೆ, ಅಂದರೆ ಚಾವಣಿ, ಕುಯ್ದು ಗಿಡ್ಡ ಮಾಡಿ, ಅಳತೆ ಮೀರಿದ ಇಂಜಿನ್ನು ಕೂರಿಸಿ, ಆ ಇಂಜಿನ್ನನ್ನು ಮುಚ್ಚದೆ ಹಾಗೇ ತೋರುವಂತೆ ಬಿಟ್ಟದ್ದು. ನನ್ನದು ಅಸಲಿಯ ಇಪ್ಪತ್ತೈದನೇ ಒಂದು ಭಾಗ, ಒಂದು ಗೇಣು ಉದ್ದ. ಭಾಗಗಳೆಲ್ಲ ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಒಂದೊಂದನ್ನೇ ಕತ್ತರಿಸಿ, ಉಳಿದ ಮೊಳಕೆಯನ್ನು ಎಮರಿ ಕಾಗದದಲ್ಲಿ ಉಜ್ಜಬೇಕು.

ಪೆಟ್ಟಿಗೆಯೊಳಗಿನ ಸೂಚನೆಯ ಕಾಗದದಲ್ಲಿ ಹೇಳಿದ ಹಾಗೆಯೇ ಕಟ್ಟಿದರೆ ಎರಡು ಭಾನುವಾರದ ಕೆಲಸ. ನನಗೆ ಹಾಗೆ ಕಟ್ಟಲು ಬರುವುದಿಲ್ಲ. ಕಿಟಕಿಗಳ ನಡುವಿನ ಕಂಬಗಳನ್ನು ನಾಲ್ಕು ಮಿಲಿಮೀಟರು ಕುಯ್ದು ತಲೆಯನ್ನು ಇಳಿಸಿದೆ. ಮುಂದಿನ ಎರಡು ಕಂಬ ಓರೆಯಾಗಿರುವುದರಿಂದ ಕುಯ್ದ ತುದಿಗಳು ಒಂದಕ್ಕೊಂದು ಕೂರಲಿಲ್ಲ. ತಲೆಯನ್ನು ನಡುವೆ ಸೀಳಿ, ಒಳಗೊಂದು ತುಂಡು ಸೇರಿಸಿ, ಸಂದಿಗೆ ಮೆತ್ತುವ ಲಪ್ಪ ತುಂಬಿ, ಉಜ್ಜಿ, ಮತ್ತೆ ತುಂಬಿದೆ. ಹೊಗೆ ಕೊಳವೆಗಳಿಗೆ ಖಾಲಿ ರೀಫಿಲ್ಲುಗಳನ್ನು ಬಿಸಿ ಮಾಡಿ ಬಗ್ಗಿಸಿದೆ. ಕೆಟ್ಟ ಇಯರ್‌ಫೋನಿನೊಳಗಿನ ತಂತಿ ಇಂಜಿನ್ನಿನ ವೈರಾಯಿತು.

ಮೈಬಣ್ಣಕ್ಕೆ ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರಿಗೆ ಟ್ರೈಲರು ಕಟ್ಟುವ ಗ್ಯಾರೇಜಿಗೆ ಹೋದೆ. ಅದರ ಯಜಮಾನ ಶೀಳನೆರೆ ಕಡೆಯವನು, ನನ್ನ ಹಿಂದಿನ ಕಾರುಗಳಿಗೂ ಅವನೇ ಬಣ್ಣ ಹೊಡೆದವನು. ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದ.

“ಬಾನೆಟ್ಟೆಲ್ಲಿ ಮೇಡಮ್ಮೋರೆ?”

“ಇದಕ್ಕೆ ಬಾನೆಟ್ ಇರೋದಿಲ್ಲ.”

“ಮಳೆ ಬಂದ್ರೆ ಇಂಜಿನ್ನು ನೆನ್ಕಂಡೋಯ್ತದಲ್ಲ! ಅಲ್ಲಿ ನಿಮ್ಮಪ್ಪಾರು ದೇವ್ರಿಗೆ ಸೀರೆ ಉಡುಸ್ತಾವ್ರೆ, ಇಲ್ಲಿ ನೀವು ಕಾರಿನ್ ಬಟ್ಟೆ ಬಿಚ್ಚಾಕ್ತಾ ಇದ್ದೀರಿ. ಓಗ್ಲಿ ಬುಡಿ, ಯಾವ್ ಬಣ್ಣ ಒಡೀಲಿ?”

ಕಡುಗೆಂಪು ಎಂದೆ. ಸೀರೆಯ ಮಾತು ಮುಂದುವರಿಯದಿರಲೆಂದು ಮುಂಗಡ ಎಣಿಸಿ ಕೊಟ್ಟೆ.

ಗುಡಿಯ ಬಾಗಿಲು ಮಧ್ಯಾಹ್ನ ಹಾಕಿದರೆ ಸಂಜೆಗೇ ತೆಗೆಯುವುದು. ಭಾನುವಾರಗಳಲ್ಲಿ ಆ ಹೊತ್ತು ಅಪ್ಪ ನನ್ನ ಮೇಜಿನ ಪಕ್ಕ ಬಂದು ಕೂರತೊಡಗಿದರು. ಮೊದಲು ಬರೀ ನೋಡಿದರು. ಆಮೇಲೆ ಎಮರಿ ಕಾಗದ ಕೇಳಿದರು. ಉಜ್ಜುವಾಗ ಅವರ ಕೈ ನಡುಗಲಿಲ್ಲ. ಕೆಲಸವೇ ಅಲುಗಾಟದ್ದಾದ್ದರಿಂದ ನಡುಗಿದರೂ ಕಾಣುತ್ತಿರಲಿಲ್ಲ. ನಾನು ಚಕ್ರ ಅಂಟಿಸುತ್ತಾ ಓರೆಗಣ್ಣಿನಲ್ಲಿ ಅವರ ಮಣಿಕಟ್ಟನ್ನು ನೋಡುತ್ತಿದ್ದೆ. ಅವರು ನಾನು ನೋಡುವುದನ್ನು ನೋಡುತ್ತಿದ್ದರು.

ಪೆಟ್ಟಿಗೆಯ ಚಿತ್ರದಲ್ಲಿ ಕಾರಿನ ಎರಡು ಪಕ್ಕಕ್ಕೂ ಕೂದಲಿನಷ್ಟು ಸಣ್ಣ ಬಿಳಿ ಗೆರೆಯೊಂದು ಇತ್ತು. ಮುಂದಿನಿಂದ ಹೊರಟು ಬಾಗಿಲ ಮೇಲೆ ಹಾದು ಹಿಂದೆ ಬಳ್ಳಿಯಂತೆ ಸುತ್ತಿಕೊಳ್ಳುವ ಗೆರೆ. ಅದಕ್ಕೆ ಅಂಟುವ ಚಿತ್ರವನ್ನೂ ಕೊಟ್ಟಿರುತ್ತಾರೆ. ಅಪ್ಪ ಅದನ್ನು ಬೆರಳಲ್ಲಿ ತೋರಿಸಿ ಕೇಳಿದರು:

“ಅಸಲಿ ಕಾರಿಗೂ ಸ್ಟಿಕ್ಕರ್ ಅಂಟಿಸ್ತಾರೇನೇ?”

“ಇಲ್ಲಪ್ಪ. ಕುಂಚದಲ್ಲಿ ಕೈಯಿಂದಲೇ ಎಳೀತಾರೆ.”

“ಮತ್ತೆ? ಇದನ್ನ ನಾನು ಬರೀತೀನಿ.”

ಬೇಡ ಎನ್ನಲು ಕಾರಣ ಬೇಕಿತ್ತು. ಇದ್ದ ಕಾರಣ ಒಂದೇ, ಅದನ್ನು ಹೇಳುವ ಹಾಗಿರಲಿಲ್ಲ. ಅಪ್ಪ ಎದ್ದು ಹೋಗಿ ಗುಡಿಯ ಪೆಟ್ಟಿಗೆಯಿಂದ ತಮ್ಮ ಕುಂಚ ತಂದರು. ಅಮ್ಮನವರ ಹುಬ್ಬು ಬರೆಯುವ ಕುಂಚ, ನಾಲ್ಕೈದು ಎಳೆಯದು.

“ಅಪ್ಪ, ಎನಾಮೆಲ್ ಬಣ್ಣ ತಾಗಿದರೆ ಆ ಕುಂಚ ಮತ್ತೆ ಗುಡಿಗೆ…”

“ಬರೋದಿಲ್ಲ. ಗೊತ್ತು.” ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡರು. “ಉಸಿರು ಹಿಡಿದು ಎಳೆದರೆ ಗೆರೆ ಬಿಗಿದುಕೊಳ್ಳತ್ತೆ. ಬಿಡ್ತಾ ಎಳೀಬೇಕು.”

ಕಾರಿನ ಒಂದು ಪಕ್ಕದ ಮೇಲೆ ಉಸಿರು ಬಿಡುತ್ತಲೇ ಎಳೆದರು. ಮೊದಲ ಒಂದು ಅಂಗುಲ ನನ್ನಿಂದ ಎಂದೂ ಆಗದಂಥ ಗೆರೆ. ಬಾಗಿಲ ಹತ್ತಿರ ಅದು ಮೇಲೆ ಹಾರಿತು, ಇಳಿಯಿತು, ಮತ್ತೆ ಹಾರಿತು. ಅಪ್ಪ ನಿಲ್ಲಿಸಲಿಲ್ಲ. ಕೊನೆಯ ಬಳ್ಳಿಯನ್ನೂ ಸುತ್ತಿ ಕುಂಚ ಎತ್ತಿದರು. ಕಾರನ್ನು ದೂರ ಹಿಡಿದು ಒಂದು ನಿಮಿಷ ನೋಡಿ, ಮೇಜಿನ ಮೇಲಿಟ್ಟು, ಸ್ನಾನಕ್ಕೆ ಹೋದರು. ಆಮೇಲೆ ಸಂಜೆಯ ಪೂಜೆಗೆ ಹೊರಟರು.

ಆಮೇಲೆ ನಾನು ಮಾಡಿದ್ದನ್ನೂ ಸರಿಯಾಗಿ ಬರೆಯಬೇಕು. ಬಣ್ಣ ಇನ್ನೂ ಹಸಿಯಿತ್ತು. ಬಟ್ಟೆಯ ಚೂರಿಗೆ ಟರ್ಪೆಂಟೈನ್ ಹನಿಸಿ ಗೆರೆಯನ್ನೆಲ್ಲ ಒರೆಸಿದೆ. ಕೆಳಗಿನ ಕೆಂಪಿಗೆ ಏನೂ ಆಗಲಿಲ್ಲ. ಮೇಲೆ ಕೆಳಗೆ ಸಣ್ಣ ಟೇಪು ಅಂಟಿಸಿ, ನಡುವಿನ ಸಂದಿಯಲ್ಲಿ ನನ್ನ ಕುಂಚದಿಂದ ಬಿಳಿ ತುಂಬಿ, ಟೇಪು ಕಿತ್ತೆ. ನೇರವಾಗಿ ಬಂತು. ಬಳ್ಳಿಯನ್ನು ಅಪ್ಪನ ಬಳ್ಳಿಯಂತೆಯೇ ಸುತ್ತಿದೆ. ಅಪ್ಪ ಬರುವ ಹೊತ್ತಿಗೆ ಕಾರು ಅದೇ ಜಾಗದಲ್ಲಿ, ಅದೇ ದಿಕ್ಕಿಗಿತ್ತು.

“ನೋಡಿ ಅಪ್ಪ, ಒಣಗಿದ ಮೇಲೆ ಎಷ್ಟು ಚೆನ್ನಾಗಿ ಕಾಣತ್ತೆ.”

ಅಪ್ಪ ಪ್ರಸಾದದ ಬುಟ್ಟಿ ಕೆಳಗಿಟ್ಟು ಬಗ್ಗಿ ನೋಡಿದರು. ತುಂಬ ಹೊತ್ತು ಬೇಕಾಗಲಿಲ್ಲ.

“ಇದು ನನ್ನ ಕೈಯಲ್ಲ.”

ನಾನು ಕಿತ್ತ ಟೇಪಿನ ಚೂರುಗಳನ್ನು ಮುಷ್ಟಿಯಲ್ಲಿ ಮುಚ್ಚಿದೆ.

“ಈ ಗೆರೆ ಎಲ್ಲಾ ಕಡೆ ಒಂದೇ ದಪ್ಪ ಇದೆ. ಕುಂಚದ ಗೆರೆ ಹಾಗಿರಲ್ಲ ಕಣೇ.” ಕುರ್ಚಿ ಎಳೆದು ಕೂತರು. “ಅವತ್ತು ನೋಡಿದೆ, ಹೇಳಲಿಲ್ಲ. ಇವತ್ತು ಅಳಿಸೇಬಿಟ್ಟೆ. ನನ್ನ ಕೈ ಹೇಗಿದೆ ಅಂತ ನಾನು ಯಾರನ್ನ ಕೇಳಲಿ? ಅಮ್ಮನವರು ಹೇಳಲ್ಲ, ಕೂತಲ್ಲೇ ಕೂತಿರ್ತಾಳೆ. ಬಂದವರು ಕಣ್ಣು ಮುಚ್ಕೊಂಡಿರ್ತಾರೆ. ಕಣ್ಣು ಬಿಟ್ಟುಕೊಂಡು ನಿಲ್ಲೋಳು ನೀನೊಬ್ಬಳೇ.”

ನನಗೆ ಅಳು ಬರಲಿಲ್ಲ. ಟರ್ಪೆಂಟೈನ್ ವಾಸನೆ ಮಾತ್ರ ಮೂಗಿನಲ್ಲಿತ್ತು.

ಅಪ್ಪ ಕಾರನ್ನು ತಿರುಗಿಸಿ, ಬರೆಯದೆ ಬಿಟ್ಟಿದ್ದ ಇನ್ನೊಂದು ಪಕ್ಕವನ್ನು ಮೇಲೆ ಮಾಡಿದರು. ಮತ್ತೆ ಕುಂಚ ಅದ್ದಿ, ಉಸಿರು ಬಿಡುತ್ತಾ ಎಳೆದರು. ಈ ಸಲ ಗೆರೆ ಮೊದಲಿನಿಂದಲೇ ನಡುಗಿತು. “ಇದನ್ನ ಮುಟ್ಟಿದರೆ ನೋಡು,” ಎಂದರು. ಕುಂಚ ಒರೆಸುತ್ತಾ, “ಬರೋ ಭಾನುವಾರ ಕೆ.ಆರ್. ಪೇಟೆಗೆ ಹೋಗೋಣ. ನಿನ್ನ ಚಿಕ್ಕಪ್ಪನಿಗೆ ನೀನೇ ಹೇಳಬೇಕು. ನಾನು ಹೇಳಿದರೆ ಕಮ್ಮಿ ಮಾಡಿ ಹೇಳ್ತೀನಿ,” ಎಂದರು.

ಆ ವಾರ ಹೇಗೆ ಕಳೆಯಿತೋ. ಹೇಳಬೇಕಾದ ಮಾತುಗಳನ್ನು ಸ್ಟಾಫ್ ರೂಮಿನಲ್ಲಿ ಚೀಟಿಯ ಮೇಲೆ ಬರೆದು, ಹರಿದು, ಮತ್ತೆ ಬರೆದೆ.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಬಸ್ಸು ಹತ್ತಿದೆವು. ಕಾರಿದ್ದ ಚಪ್ಪಲಿಯ ಡಬ್ಬಿ ಅಪ್ಪನ ತೊಡೆಯ ಮೇಲೆ, ಮುಚ್ಚಳ ತೆಗೆದೇ. ಮುಚ್ಚಿದರೆ ಗೆರೆ ಉಜ್ಜಿಹೋದೀತೆಂದು ಅವರ ಆತಂಕ. ಪಾಂಡವಪುರದಲ್ಲಿ ಹತ್ತಿ ಪಕ್ಕದಲ್ಲಿ ಕೂತ ರೈತರೊಬ್ಬರು ಬಗ್ಗಿ ನೋಡಿದರು.

“ಏನ್ ಅಯ್ನೋರೆ, ಮೊಮ್ಮಗೀಗಾ?”

“ಇಲ್ಲಪ್ಪ, ನನ್ನ ತಮ್ಮನಿಗೆ.”

“ತಮ್ಮಂಗೆ ಎಷ್ಟ್ ವಯ್ಸು?”

“ಅರವತ್ತೆರಡು.”

ರೈತರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. “ಇರ್ಲಿ ಬುಡಿ, ಆಡ್ಕಳ್ಳಿ,” ಎಂದು ಅವರು ತಮ್ಮ ಚೀಲ ಸರಿಮಾಡಿಕೊಂಡರು.

ಚಿಕ್ಕಪ್ಪ ಜಗಲಿಯಲ್ಲೇ ಕೂತಿದ್ದರು. ಅಪ್ಪ ಕಾರನ್ನು ಅವರ ಕೈಗೆ ಕೊಟ್ಟು, ಎರಡು ಪಕ್ಕವನ್ನೂ ತೋರಿಸಿದರು. “ಈ ಗೆರೆ ಇವಳದು. ಇದು ನನ್ನದು.” ಚಿಕ್ಕಪ್ಪ ನಡುಗಿದ ಗೆರೆಯ ಮೇಲೆ ಉಗುರು ತಾಗಿಸದೆ ಬೆರಳು ಆಡಿಸಿದರು. ಅಪ್ಪ ನನಗೆ, “ಹೇಳು,” ಎಂದರು.

ಹೇಳಿದೆ. ಎರಡು ಸುತ್ತು ಸರಿಯಾಗಿ ಬಂದದ್ದು, ಮೂರನೆಯದರಲ್ಲಿ ಜಾರಿದ್ದು, ಎಷ್ಟುದ್ದದ ಉರಿ, ಯಾವ ಕೈಯಲ್ಲಿ ಆರಿಸಿದ್ದು. ಫೋನಿನಲ್ಲಿ ಚೆನ್ನಾಗಿದೆ ಎಂದದ್ದು ಸುಳ್ಳೆಂದೂ ಹೇಳಿದೆ. ಸೀರೆಯ ಎಡಗಡೆಯ ನೆರಿಗೆ ಎಂದಾಗ ಅಪ್ಪ ನಡುವೆ ಬಾಯಿ ಹಾಕಿದರು.

“ಎಡಗಡೆ ನಿನಗೆ. ಅಮ್ಮನವರಿಗೆ ಬಲಗಡೆ.” ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ಅದು ಎರಡನೇ ಸಲ. ಮೊದಲನೇ ಸಲ ಯಾರೂ ನೋಡಲಿಲ್ಲ.”

ಆ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ.

ಚಿಕ್ಕಪ್ಪ ಕಾರನ್ನು ಡಬ್ಬಿಯೊಳಗಿಟ್ಟು, “ನಾಳೆಯಿಂದ ಬರ್ತೀನಿ ಅಣ್ಣ. ಆರತಿ ನಾನು ಎತ್ತುತ್ತೀನಿ. ಅಲಂಕಾರ ನೀನೇ ಮಾಡು, ದೀಪ ಹಚ್ಚೋ ಮುಂಚೆ. ಮಂಗಳಾರತಿ ಹೊತ್ತಿಗೆ ಗಂಟೆ ಹಿಡ್ಕೋ,” ಎಂದರು.

“ಗಂಟೇನೂ ಕೈಯಲ್ಲೇ ಅಲ್ಲವೇನೋ ಹಿಡಿಯೋದು?”

“ಗಂಟೆ ಅಲ್ಲಾಡಿದರೆ ಯಾರು ಕೇಳ್ತಾರೆ ಬಿಡಣ್ಣ. ಅಲ್ಲಾಡದಿದ್ದರೆ ಕೇಳ್ತಾರೆ.”

ಅಪ್ಪನಿಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಅದು ಜೋರಾಗಿಯೇ ಬಂತು. ಒಳಗಿಂದ ಚಿಕ್ಕಮ್ಮ ಏನಾಯಿತೆಂದು ಹೊರಗೆ ಬಂದರು. ಕಾಫಿ ಬಂತು. ಅಪ್ಪ ಬಲಗೈಯಲ್ಲೇ ಲೋಟ ಎತ್ತಿದರು. ಅದು ತುಟಿ ಮುಟ್ಟುವಷ್ಟರಲ್ಲಿ ಪಂಚೆಯ ಮೇಲೆ ಎರಡು ಕಡೆ ಚೆಲ್ಲಿತು. ಚಿಕ್ಕಪ್ಪ ಬೇರೆಡೆ ನೋಡಲಿಲ್ಲ. ನಾನೂ ಕಣ್ಣು ತಿರುಗಿಸಲಿಲ್ಲ. ಅಪ್ಪ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.